ನಿಜಿನ್‌ಸ್ಕಿಗೆ ಸಿಗದ ಮಾತ್ರೆ

ನನ್ನ ಅಣ್ಣ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಬರಬರುತ್ತಾ ಸ್ನಾನ ಬಿಟ್ಟ, ಗೆಳೆಯರ ಫೋನ್ ಎತ್ತುವುದನ್ನು ಬಿಟ್ಟ. ಪಕ್ಕದ ಮನೆಯವರು ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನತೊಡಗಿದ. ಪರೀಕ್ಷೆಯ ಟೆನ್ಷನ್ ಇರಬೇಕು ಎಂದುಕೊಂಡು ನಾವು ಒಂದೂವರೆ ವರ್ಷ ಕಳೆದೆವು. ಕೊನೆಗೆ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಹೇಳಿದ ದಿನ ರಾತ್ರಿಯಿಡೀ ಮೊಬೈಲ್‌ನಲ್ಲಿ ಆ ಕಾಯಿಲೆಯ ಬಗ್ಗೆ ಓದಿದೆ. ಹಾಗೆ ಪರಿಚಯವಾದವನು ವಾಸ್ಲಾವ್ ನಿಜಿನ್‌ಸ್ಕಿ.

ಕೀವ್‌ನಲ್ಲಿ ಹುಟ್ಟಿದ ಈತನ ತಂದೆ, ತಾಯಿ ಇಬ್ಬರೂ ಪೋಲೆಂಡ್ ಮೂಲದ ನೃತ್ಯ ಕಲಾವಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬ್ಯಾಲೆ ಕಲಿತ ಹುಡುಗ 1909ರಲ್ಲಿ ಡಿಯಾಗಿಲೆವ್‌ನ ತಂಡದೊಂದಿಗೆ ಪ್ಯಾರಿಸ್‌ಗೆ ಹೋದ. ಅವನು ನೆಗೆದರೆ ಗಾಳಿಯಲ್ಲೇ ನಿಂತಂತೆ ಕಾಣುತ್ತಿತ್ತಂತೆ. 1913ರಲ್ಲಿ ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ಅವನು ಸಂಯೋಜಿಸಿದ ‘ದಿ ರೈಟ್ ಆಫ್ ಸ್ಪ್ರಿಂಗ್’ ನೋಡಿ ಪ್ಯಾರಿಸ್‌ನ ಪ್ರೇಕ್ಷಕರು ಗಲಾಟೆ ಎಬ್ಬಿಸಿದರು. ಆ ಗದ್ದಲದಲ್ಲಿ ಅವನು ಪರದೆಯ ಪಕ್ಕ ಕುರ್ಚಿ ಹತ್ತಿ ನಿಂತು, ನರ್ತಕರಿಗೆ ತಾಳದ ಲೆಕ್ಕ ಕೂಗಿ ಹೇಳುತ್ತಿದ್ದ. ಅದೇ ವರ್ಷ ರೊಮೊಲಾಳನ್ನು ಮದುವೆಯಾದ. ಸಿಟ್ಟಾದ ಡಿಯಾಗಿಲೆವ್ ಅವನನ್ನು ತಂಡದಿಂದ ತೆಗೆದುಹಾಕಿದ. ಮುಂದೆ ಮಹಾಯುದ್ಧ ಬಂತು, ಬುಡಾಪೆಸ್ಟ್‌ನಲ್ಲಿ ಗೃಹಬಂಧನವಾಯಿತು.

ಯುದ್ಧ ಮುಗಿಯುವ ಹೊತ್ತಿಗೆ ಸ್ವಿಟ್ಜರ್ಲೆಂಡ್‌ನ ಸೇಂಟ್ ಮೊರಿಟ್ಜ್‌ನಲ್ಲಿದ್ದ. ಅಲ್ಲಿ ನಡವಳಿಕೆ ಬದಲಾಯಿತು. ದೊಡ್ಡ ಶಿಲುಬೆ ತೊಟ್ಟು ಬೀದಿಗೆ ಹೋಗಿ, ಕಂಡವರನ್ನೆಲ್ಲ ಚರ್ಚಿಗೆ ಹೋಗಿ ಎನ್ನುತ್ತಿದ್ದನೆಂದು ರೊಮೊಲಾ ಬರೆದಿದ್ದಾಳೆ. ಇದು ಕಾಯಿಲೆ ಇರಬಹುದು ಎಂದು ಅವಳನ್ನು ಎಚ್ಚರಿಸಿದ್ದು ಮನೆಯ ಆಳು. 1919ರ ಜನವರಿ 19ರಂದು ಹೋಟೆಲೊಂದರಲ್ಲಿ ನೃತ್ಯವಿತ್ತು. ನಿಜಿನ್‌ಸ್ಕಿ ಬಹಳ ಹೊತ್ತು ಕುರ್ಚಿಯಲ್ಲಿ ಸುಮ್ಮನೆ ಕೂತು ಜನರನ್ನೇ ದಿಟ್ಟಿಸಿದ. ನಂತರ ಯುದ್ಧದ ಸಾವುನೋವನ್ನು ಕುಣಿದು ತೋರಿಸಿದ. ಅದೇ ಅವನ ಕೊನೆಯ ಪ್ರದರ್ಶನ. ಆ ದಿನವೇ ಶುರುಮಾಡಿದ ಡೈರಿಯಲ್ಲಿ ಆರು ವಾರ ಒಂದೇ ಸಮನೆ ಬರೆದ. ದೇವರು ತನ್ನೊಂದಿಗೆ ಮಾತಾಡುತ್ತಾನೆ, ತಾನೇ ದೇವರು ಎಂಬ ಭಾವನೆ ಅದರ ತುಂಬ ಇದೆ. ಮಾರ್ಚ್‌ನಲ್ಲಿ ಜ್ಯೂರಿಕ್‌ನ ಡಾ. ಬ್ಲೂಲರ್ ಅವನನ್ನು ಪರೀಕ್ಷಿಸಿದರು. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಕೊಟ್ಟವರೇ ಅವರು.

ಆಮೇಲಿನ 31 ವರ್ಷ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಎಷ್ಟೋ ಕಾಲ ಮಾತೇ ಇರಲಿಲ್ಲ. 1938ರಲ್ಲಿ ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವ ಅಪಾಯಕಾರಿ ಚಿಕಿತ್ಸೆಯನ್ನೂ ಮಾಡಿದರು. 1950ರ ಏಪ್ರಿಲ್ 8ರಂದು ಲಂಡನ್‌ನಲ್ಲಿ ತೀರಿಕೊಂಡ. ಈ ಕಾಯಿಲೆಯ ಮೊದಲ ಪರಿಣಾಮಕಾರಿ ಔಷಧ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದದ್ದು 1952ರಲ್ಲಿ!

ಇದನ್ನು ಓದಿದಾಗ ನನಗೆ ಅಳು ಬಂತು. ಅವನಿಗೆ ಔಷಧವೇ ಇರಲಿಲ್ಲ. ಅಣ್ಣನಿಗೆ ಬೇಕಾದ ಮಾತ್ರೆ ನಮ್ಮೂರಿನ ಔಷಧದ ಅಂಗಡಿಯಲ್ಲೇ ಇತ್ತು. ಆದರೂ ಜನ ಏನಂದಾರು ಎಂಬ ಭಯದಲ್ಲಿ ನಾವು ಒಂದೂವರೆ ವರ್ಷ ಹಾಳು ಮಾಡಿದೆವು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 345 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ, ಅಂದರೆ ನಮ್ಮ ಕಾಲೇಜು, ಕೆಲಸ ಹುಡುಕುವ ವಯಸ್ಸಿನಲ್ಲೇ. ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ಗಟ್ಟಿ ಅನುಮಾನ, ಒಂದಕ್ಕೊಂದು ಸಂಬಂಧವಿಲ್ಲದ ಮಾತು, ಎಲ್ಲರಿಂದ ದೂರ ಸರಿಯುವುದು, ತನ್ನ ಬಗ್ಗೆಯೇ ಕಾಳಜಿ ಇಲ್ಲವಾಗುವುದು ಇದರ ಲಕ್ಷಣಗಳು. ರೂಮ್‌ಮೇಟ್‌ನಲ್ಲೋ ತಮ್ಮನಲ್ಲೋ ಇವು ಕಂಡರೆ ಟೆನ್ಷನ್ ಎಂದು ಸುಮ್ಮನಾಗಬೇಡಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಅಣ್ಣ ಈಗ ದಿನಾ ಮಾತ್ರೆ ತೆಗೆದುಕೊಳ್ಳುತ್ತಾನೆ. ಪೂರ್ತಿ ಮೊದಲಿನಂತಾಗಿಲ್ಲ, ನಿದ್ದೆ ಜಾಸ್ತಿ. ಆದರೆ ಮೊನ್ನೆ ಪಕ್ಕದ ಮನೆಗೆ ತಾನೇ ಹೋಗಿ ಪೇಪರ್ ಇಸಕೊಂಡು ಬಂದ.