ಎದೆಯ ದನಿಗೆ ಕಿವಿಗೊಟ್ಟ ವೈದ್ಯ: ರೆನೆ ಲೆನೆಕ್

ಮನೆಯಲ್ಲಿ ಮಗುವೊಂದು ನಾಲ್ಕು ದಿನ ಬಿಡದೆ ಕೆಮ್ಮಿದರೆ ನಾವು ಅದನ್ನೆತ್ತಿಕೊಂಡು ವೈದ್ಯರ ಬಳಿಗೆ ಧಾವಿಸುತ್ತೇವೆ. ವೈದ್ಯರು ಕೊರಳಲ್ಲಿ ತೂಗುತ್ತಿರುವ ನಳಿಗೆಯನ್ನು ಕಿವಿಗಿಟ್ಟುಕೊಂಡು, ಮಗುವಿನ ಎದೆಯ ಮೇಲೂ ಬೆನ್ನಿನ ಮೇಲೂ ಅದರ ತುದಿಯನ್ನು ಒತ್ತಿ ಆಲಿಸುತ್ತಾರೆ. ಆ ಅರೆನಿಮಿಷ ಕೋಣೆಯೆಲ್ಲ ಮೌನ. ಹೆತ್ತವರ ಕಣ್ಣು ವೈದ್ಯರ ಮುಖದ ಮೇಲೆಯೇ ನೆಟ್ಟಿರುತ್ತದೆ. ನಮಗೆ ಕೇಳಿಸದ ಯಾವುದೋ ಸದ್ದು ಅವರಿಗೆ ಕೇಳಿಸುತ್ತಿದೆ ಎಂಬುದು ನಮಗೆ ಗೊತ್ತು. ಆ ಸದ್ದುಗಳ ಅರ್ಥವನ್ನು ಜಗತ್ತಿಗೆ ಮೊದಲು ಬಿಡಿಸಿ ಹೇಳಿದವರು ಫ್ರಾನ್ಸ್ ದೇಶದ ವೈದ್ಯರಾದ ರೆನೆ ಲೆನೆಕ್. ಜಪಸರವನ್ನು ಕೈಬಿಡದ ಕಥೋಲಿಕ ವಿಶ್ವಾಸಿಯೂ ಆಗಿದ್ದ ಅವರ ಬಾಳಿನ ಕಥೆಯನ್ನು ಈ ವಾರ ನಮ್ಮ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ, ಕಡಲಿಗೆ ಮುಖಮಾಡಿ ನಿಂತಿರುವ ಬ್ರಿಟನಿ ಪ್ರಾಂತದ ಕ್ಯಾಂಪೆರ್ ಪಟ್ಟಣದಲ್ಲಿ 1781ರ ಫೆಬ್ರವರಿ 17ರಂದು ಲೆನೆಕ್ ಜನಿಸಿದರು. ತಂದೆ ವಕೀಲರು, ಕವಿತೆ ಕಟ್ಟುವುದರಲ್ಲಿ ಇದ್ದ ಆಸಕ್ತಿ ಸಂಸಾರ ನಡೆಸುವುದರಲ್ಲಿ ಅವರಿಗೆ ಇರಲಿಲ್ಲ. ಬಾಲಕನಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅವರನ್ನು ಬಲಿ ತೆಗೆದುಕೊಂಡದ್ದು ಕ್ಷಯರೋಗ ಎಂಬುದೇ ಬಹುಮಂದಿಯ ಅಭಿಪ್ರಾಯ. ತಾಯಿಯಿಲ್ಲದ ಮಗು ಕೆಲಕಾಲ ಧರ್ಮಗುರುಗಳಾಗಿದ್ದ ಬಂಧುವೊಬ್ಬರ ಆಶ್ರಯದಲ್ಲಿದ್ದು, ಬಳಿಕ 1788ರಲ್ಲಿ ನಾಂತ್ ನಗರದಲ್ಲಿದ್ದ ಚಿಕ್ಕಪ್ಪನ ಮನೆಯನ್ನು ಸೇರಿತು. ಚಿಕ್ಕಪ್ಪ ಗಿಯೋಮ್ ಲೆನೆಕ್ ಆ ನಗರದ ಹೆಸರಾಂತ ವೈದ್ಯರು. ಬಾಲಕನ ಪಾಲಿಗೆ ಅವರೇ ತಂದೆಯೂ ಗುರುವೂ ಆದರು.

ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. ಚಿಕ್ಕಪ್ಪನ ಮನೆಯ ಎದುರಿನ ಚೌಕದಲ್ಲೇ ತಲೆ ಕಡಿಯುವ ಗಿಲೊಟಿನ್ ಯಂತ್ರವನ್ನು ನಿಲ್ಲಿಸಲಾಗಿತ್ತು. ದೇವಾಲಯಗಳು ಮುಚ್ಚಿದ, ಗುರುಗಳು ತಲೆಮರೆಸಿಕೊಂಡು ಅಲೆದಾಡಿದ ಆ ಭೀಕರ ದಿನಗಳನ್ನು ಬಾಲಕ ಕಣ್ಣಾರೆ ಕಂಡನು. 14ನೆಯ ವಯಸ್ಸಿನಲ್ಲೇ ನಾಂತ್‌ನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆಗೆ ನಿಂತು ವೈದ್ಯಕೀಯದ ಮೊದಲ ಪಾಠಗಳನ್ನು ಕಲಿತನು.

1801ರಲ್ಲಿ ಲೆನೆಕ್ ಪ್ಯಾರಿಸ್ಸಿಗೆ ಬಂದರು. ಕೈಯಲ್ಲಿ ಹಣವಿರಲಿಲ್ಲ, ಮೈಯಲ್ಲಿ ಕಸುವಿರಲಿಲ್ಲ. ಆದರೆ ಓದಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. 1803ರಲ್ಲಿ ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸೆ ಎರಡರಲ್ಲೂ ಪ್ರಥಮ ಬಹುಮಾನ ಪಡೆದರು. 1804ರಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಟಿಸನ ಬೋಧನೆಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಗಳಿಸಿದರು. ಕ್ರಾಂತಿಯ ಗದ್ದಲದಲ್ಲಿ ಸಡಿಲಗೊಂಡಿದ್ದ ಅವರ ಧರ್ಮಶ್ರದ್ಧೆ ಮತ್ತೆ ಚಿಗುರಿದ್ದೂ ಪ್ಯಾರಿಸ್ಸಿನಲ್ಲಿಯೇ. ಸಹಪಾಠಿ ಬೇಲ್ ಅವರಂತಹ ಗೆಳೆಯರ ಒಡನಾಟದಲ್ಲಿ ಅವರು ಮಾತೆ ಮರಿಯಮ್ಮನವರ ಹೆಸರಿನ ಭಕ್ತಸಂಘವನ್ನು ಸೇರಿದರು. ಅಂದಿನಿಂದ ಕೊನೆಯುಸಿರಿನವರೆಗೆ ಆ ಶ್ರದ್ಧೆ ಕದಲಲಿಲ್ಲ.

ಆ ಕಾಲದ ವೈದ್ಯರು ರೋಗವನ್ನು ಹೇಗೆ ಗುರುತಿಸುತ್ತಿದ್ದರು? ನಾಡಿ ಹಿಡಿದು ನೋಡುವುದು, ನಾಲಗೆಯ ಬಣ್ಣವನ್ನೂ ಮೂತ್ರವನ್ನೂ ಪರೀಕ್ಷಿಸುವುದು, ರೋಗಿ ಹೇಳುವುದನ್ನು ಕೇಳುವುದು - ಇವಿಷ್ಟೇ ಅವರ ಸಾಧನಗಳು. ಎದೆಗೂಡಿನ ಒಳಗೆ ಏನು ನಡೆಯುತ್ತಿದೆ ಎಂಬುದು ರೋಗಿ ಸತ್ತು, ಶವವನ್ನು ಸೀಳಿ ನೋಡಿದಾಗಲಷ್ಟೇ ತಿಳಿಯುತ್ತಿತ್ತು. ವಿಯೆನ್ನಾದ ವೈದ್ಯ ಔಎನ್‌ಬ್ರುಗರ್ 1761ರಲ್ಲಿ ಒಂದು ಹೊಸ ದಾರಿ ತೋರಿದ್ದರು. ಅವರು ಪಾನಗೃಹದ ಒಡೆಯನ ಮಗ. ಪೀಪಾಯಿಯನ್ನು ಬೆರಳಿನಿಂದ ತಟ್ಟಿ, ಅದರಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದು ಅಳೆಯುವಂತೆ, ಎದೆಯನ್ನು ತಟ್ಟಿ ನೋಡಬಹುದೆಂದು ಅವರು ಕಂಡುಕೊಂಡರು. ಆರೋಗ್ಯವಂತನ ಎದೆ ಬಟ್ಟೆ ಹೊದಿಸಿದ ನಗಾರಿಯಂತೆ ನುಡಿಯುತ್ತದೆ; ನೀರು ತುಂಬಿದಲ್ಲಿ ಸದ್ದು ಮಂಕಾಗುತ್ತದೆ. ನಾಲ್ಕು ದಶಕ ಯಾರೂ ಅಷ್ಟಾಗಿ ಲಕ್ಷಿಸದಿದ್ದ ಈ ವಿಧಾನವನ್ನು ಫ್ರೆಂಚ್ ಭಾಷೆಗೆ ತಂದು ಪ್ರಚುರಪಡಿಸಿದವರು ನೆಪೋಲಿಯನ್ನನ ವೈದ್ಯ ಕೊರ್ವಿಸಾರ್. ಲೆನೆಕ್ ಅವರದೇ ಶಿಷ್ಯರು.

1816ರಲ್ಲಿ ಲೆನೆಕ್ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯ ವೈದ್ಯರಾದರು. ಆ ವರ್ಷ ಹೃದಯದ ತೊಂದರೆಯಿದ್ದಂತೆ ತೋರಿದ ತರುಣಿಯೊಬ್ಬಳು ಅವರ ಬಳಿಗೆ ಬಂದಳು. ಆಕೆಯದು ಸ್ಥೂಲ ಶರೀರ. ತಟ್ಟಿ ನೋಡಿದರೆ ಏನೂ ತಿಳಿಯಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಆಲಿಸುವುದು ಹಿಪೊಕ್ರಟಿಸನ ಕಾಲದಿಂದಲೂ ತಿಳಿದಿದ್ದ ಕ್ರಮ. ಆದರೆ ಆಕೆಯ ವಯಸ್ಸನ್ನೂ ಹೆಣ್ಣುತನವನ್ನೂ ನೆನೆದು ಲೆನೆಕ್ ಅದಕ್ಕೆ ಮನಸ್ಸು ಮಾಡಲಿಲ್ಲ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ, ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಆ ಸದ್ದು ಸ್ಪಷ್ಟವಾಗಿ ಕೇಳುತ್ತದೆ ಎಂಬ ಸಂಗತಿ ಅವರಿಗೆ ಆಗ ನೆನಪಾಯಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು.

ಕ್ಷಯದ ಅಧ್ಯಯನದಲ್ಲಿ ಅವರಿಗೆ ಜತೆಗಾರರಾಗಿದ್ದ ಬೇಲ್ ಅದೇ ವರ್ಷ ಅದೇ ರೋಗಕ್ಕೆ ತುತ್ತಾದರು. ತಮ್ಮ ಮಿಶೋ 1810ರಲ್ಲಿಯೇ ಅದರಿಂದ ತೀರಿಕೊಂಡಿದ್ದರು. ತಮ್ಮವರನ್ನು ಒಬ್ಬೊಬ್ಬರಾಗಿ ಕಸಿದುಕೊಂಡ ರೋಗವನ್ನು ಕಿವಿಯಿಂದ ಹಿಡಿಯುವ ದಾರಿ ಲೆನೆಕ್‌ರಿಗೆ ಈಗ ತೆರೆದಿತ್ತು.

ಅವರು ಮನೆಯಲ್ಲಿ ಲೇತ್ ಯಂತ್ರವನ್ನಿಟ್ಟುಕೊಂಡು ತಮ್ಮ ಕೈಯಾರೆ ಮರದ ನಳಿಗೆಗಳನ್ನು ಕಡೆದರು. ಅದು ಸುಮಾರು ಒಂದು ಅಡಿ ಉದ್ದದ ದುಂಡನೆಯ ಮರದ ತುಂಡು. ನಡುವೆ ಕಿರಿದಾದ ರಂಧ್ರ. ಜೇಬಿನಲ್ಲಿ ಒಯ್ಯಲು ಅನುಕೂಲವಾಗುವಂತೆ ಎರಡು ಭಾಗಗಳನ್ನು ತಿರುಪಿನಿಂದ ಜೋಡಿಸಲಾಗಿತ್ತು. ತುದಿಯಲ್ಲಿ ಆಲಿಕೆಯ ಆಕಾರದ ಕುಳಿಯೂ, ಅದನ್ನು ತುಂಬುವ ಬಿರಡೆಯೂ ಇದ್ದವು. ಹೃದಯವನ್ನು ಆಲಿಸುವಾಗ ಬಿರಡೆಯನ್ನು ಹಾಕಬೇಕು. ಉಸಿರಾಟವನ್ನು ಆಲಿಸುವಾಗ ತೆಗೆಯಬೇಕು. ಎದೆ, ನೋಡು ಎಂಬ ಅರ್ಥದ ಗ್ರೀಕ್ ಪದಗಳಿಂದ ಇದಕ್ಕೆ ಸ್ಟೆತೊಸ್ಕೋಪ್ ಎಂಬ ಹೆಸರಿಟ್ಟರು. ಅದು ಒಂದೇ ಕಿವಿಗೆ ಇಡುವ ಸಾಧನ. ಎರಡು ಕಿವಿಗೂ ತಗಲುವ ಇಂದಿನ ಮಾದರಿ ಬಂದದ್ದು 1850ರ ದಶಕದ ಆರಂಭದಲ್ಲಿ.

ಸಾಧನಕ್ಕಿಂತ ದೊಡ್ಡದು ಅದರ ಹಿಂದಿನ ದುಡಿಮೆ. ಮೂರು ವರ್ಷ ಲೆನೆಕ್ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಆಲಿಸಿದರು, ಕೇಳಿದ್ದನ್ನು ಬರೆದಿಟ್ಟರು. ರೋಗಿ ತೀರಿಕೊಂಡರೆ ಶವಪರೀಕ್ಷೆ ನಡೆಸಿ, ಆ ಸದ್ದು ಯಾವ ವಿಕಾರದಿಂದ ಹೊರಟಿತ್ತೆಂದು ತಾಳೆ ನೋಡಿದರು. ಕಾದ ಪಾತ್ರೆಯಲ್ಲಿ ಉಪ್ಪು ಚಿಟಪಟನೆ ಸಿಡಿದಂತೆ ಕೇಳಿದರೆ ಅದು ನ್ಯುಮೋನಿಯದ ಆರಂಭ. ರೋಗಿಯ ಮಾತು ಮೇಕೆಯ ಕೂಗಿನಂತೆ ನಡುಗಿ ಕೇಳಿದರೆ ಶ್ವಾಸಕೋಶದ ಸುತ್ತ ನೀರು ತುಂಬಿದೆ. ಮಾತು ಬಾಯಿಂದಲ್ಲ, ಎದೆಯಿಂದಲೇ ನೇರವಾಗಿ ನಳಿಗೆಯೊಳಗೆ ಹೊಕ್ಕು ಬಂದಂತೆ ಕೇಳಿದರೆ, ಕ್ಷಯವು ಶ್ವಾಸಕೋಶದಲ್ಲಿ ಕುಳಿ ಕೊರೆದಿದೆ. ಈ ಸದ್ದುಗಳಿಗೆ ಅವರು ಬಳಸಿದ ಫ್ರೆಂಚ್ ಪದ ಜನರ ಬಾಯಲ್ಲಿ ಸಾಯುವವರ ಗೊರಗೊರ ಸದ್ದಿನ ಹೆಸರೂ ಆಗಿತ್ತು. ಅದು ರೋಗಿಯ ಕಿವಿಗೆ ಬಿದ್ದರೆ ಎದೆಗುಂದಿಯಾನೆಂದು, ಹಾಸಿಗೆಯ ಪಕ್ಕದಲ್ಲಿ ಲತೀನ್ ಪದವನ್ನೇ ಬಳಸುತ್ತಿದ್ದರು. ಈ ಸಣ್ಣ ಎಚ್ಚರದಲ್ಲಿ ಅವರ ಹೃದಯ ಎಂತಹುದೆಂದು ನಮಗೆ ಕಾಣುತ್ತದೆ.

1819ರಲ್ಲಿ ಈ ಎಲ್ಲ ಫಲಗಳು ಎರಡು ಸಂಪುಟಗಳ ಗ್ರಂಥವಾಗಿ ಹೊರಬಂದವು. 1821ರಲ್ಲಿ ಅದು ಇಂಗ್ಲಿಷಿಗೆ ಅನುವಾದಗೊಂಡಿತು. ವಿರೋಧವೂ ಇಲ್ಲದಿರಲಿಲ್ಲ. ಜಿಗಣೆ ಹಚ್ಚಿ ರಕ್ತ ತೆಗೆಸುವುದನ್ನೇ ಮದ್ದೆಂದು ಸಾರುತ್ತಿದ್ದ ಪ್ರಖ್ಯಾತ ವೈದ್ಯ ಬ್ರೂಸೆ ಅವರು ಲೆನೆಕ್‌ರ ಕಟುಟೀಕಾಕಾರರಾದರು. ಆದರೂ ಯೂರೋಪಿನ ನಾನಾ ದೇಶಗಳಿಂದ ತರುಣ ವೈದ್ಯರು ಕಲಿಯಲು ಬಂದರು. ಅವರಿಗೆಲ್ಲ ತಿಳಿಯಲೆಂದು ಲೆನೆಕ್ ರೋಗಿಗಳ ನಡುವೆ ಲತೀನಿನಲ್ಲೇ ಪಾಠ ಹೇಳುತ್ತಿದ್ದರು. 1822ರಲ್ಲಿ ಕೊಲೇಜ್ ದ ಫ್ರಾನ್ಸಿನಲ್ಲಿ ಪ್ರಾಧ್ಯಾಪಕ ಪೀಠವೂ, ಮರುವರ್ಷ ಶಾರಿಟೆ ಆಸ್ಪತ್ರೆಯ ಹೊಣೆಯೂ ಅವರಿಗೆ ದೊರೆತವು. ಅರಸೊತ್ತಿಗೆಯ ಪರವಾಗಿದ್ದ ಅವರ ನಿಲುವೇ ಈ ಪದವಿಗಳಿಗೆ ಕಾರಣವೆಂದು ಆಡಿಕೊಂಡವರಿದ್ದರು. ಆ ಮಾತು ಏನೇ ಇರಲಿ, ಅವರ ಗ್ರಂಥ ಯಾರ ಕೃಪೆಯಿಂದಲೂ ಬಾಳಿದ್ದಲ್ಲ.

ಇಂತಹ ಸೂಕ್ಷ್ಮಮತಿಯೂ ಒಂದು ಕಡೆ ಎಡವಿತೆಂಬುದನ್ನು ನಾವು ಮರೆಮಾಚಬಾರದು. ಲೆನೆಕ್ ಹತ್ತು ವರ್ಷಕಾಲ ಪ್ಯಾರಿಸ್ಸಿನ ಕನ್ಯಾಮಠವೊಂದರ ವೈದ್ಯರಾಗಿದ್ದರು. ಅಲ್ಲಿನ ನಿಯಮಗಳು ಅತಿ ಕಠಿಣ. ಆ ಅವಧಿಯಲ್ಲಿ ಕ್ಷಯದಿಂದ ಮಠವಾಸಿಗಳು ಎಷ್ಟೊಂದು ಮಂದಿ ಸತ್ತರೆಂದರೆ, ಎರಡು ಮೂರು ಬಾರಿ ಮಠವೇ ಹೊಸಬರಿಂದ ತುಂಬಬೇಕಾಯಿತು. ಉಳಿದವರು ಮಠದ ಮುಖ್ಯಸ್ಥೆ, ಬಾಗಿಲು ಕಾಯುವವರು, ತೋಟ, ಅಡುಗೆಮನೆ, ರೋಗಿಗಳ ಕೋಣೆ ನೋಡಿಕೊಳ್ಳುವವರು ಮಾತ್ರ. ದುಃಖವೂ ಮನಸ್ಸಿನ ಕುಗ್ಗುವಿಕೆಯೂ ರೋಗಕ್ಕೆ ಕಾರಣವೆಂದು ಲೆನೆಕ್ ತೀರ್ಮಾನಿಸಿದರು. ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ಅವರು ನಂಬಲಿಲ್ಲ. ಕ್ಷಯವನ್ನು ಹರಡುವ ಕ್ರಿಮಿಯನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಅಲ್ಲಿಯವರೆಗೂ ಬಾಗಿಲು ಕಿಟಕಿ ಮುಚ್ಚಿದ ಕೋಣೆಗಳಲ್ಲಿ, ಒಂದೇ ಗಾಳಿಯಲ್ಲಿ, ಕೆಮ್ಮುವವರೂ ಕೆಮ್ಮದವರೂ ಕೂಡಿಯೇ ಬಾಳಿದರು.

ಕ್ಷಯ ಲೆನೆಕ್‌ರನ್ನೂ ಬಿಡಲಿಲ್ಲ. ಎಳವೆಯಿಂದ ಕೃಶದೇಹಿಯಾಗಿದ್ದ ಅವರು ಗ್ರಂಥ ಮುಗಿಸಿದೊಡನೆ ಬಳಲಿ ಬ್ರಿಟನಿಗೆ ಹಿಂದಿರುಗಿ, ಕೆರ್ಲುವಾರ್ನೆಕ್ ಎಂಬ ತಮ್ಮ ಹಳ್ಳಿಮನೆಯಲ್ಲಿ ಎರಡು ವರ್ಷ ಹೊಲ ತೋಟ ನೋಡಿಕೊಂಡು ಚೇತರಿಸಿಕೊಂಡಿದ್ದರು. ಕಡಲಗಾಳಿ ಕ್ಷಯಕ್ಕೆ ಹಿತವೆಂದು ನಂಬಿ, ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಗಳ ಸುತ್ತ ಕಡಲಪಾಚಿ ಹರಡಿಸಿ ನೋಡಿದ್ದೂ ಉಂಟು. ಅದರಿಂದ ರೋಗ ವಾಸಿಯಾಗಲಿಲ್ಲ. 1824ರ ಡಿಸೆಂಬರಿನಲ್ಲಿ ವಿಧವೆಯಾಗಿದ್ದ ಶ್ರೀಮತಿ ಆರ್ಗು ಅವರನ್ನು ವಿವಾಹವಾದರು. ದಾಂಪತ್ಯದ ಸುಖ ದೀರ್ಘಕಾಲ ಉಳಿಯಲಿಲ್ಲ.

1826ರ ವಸಂತದಲ್ಲಿ ಜ್ವರವೂ ಕೆಮ್ಮೂ ಬಿಡದಾದವು. ಆಗ ಲೆನೆಕ್ ತಮ್ಮ ಬಂಧುವೂ ಶಿಷ್ಯನೂ ಆದ ಮೆರಿಯಾದೆಕ್‌ನ ಕೈಗೆ ಸ್ಟೆತೊಸ್ಕೋಪನ್ನು ಕೊಟ್ಟು, ತಮ್ಮ ಎದೆಯನ್ನು ಆಲಿಸಿ ಕೇಳಿದ್ದನ್ನು ಹೇಳುವಂತೆ ಸೂಚಿಸಿದರು. ತರುಣ ವೈದ್ಯ ಒಂದೊಂದೇ ಸದ್ದನ್ನು ವಿವರಿಸಿದನು. ಆ ಸದ್ದುಗಳಿಗೆ ಹೆಸರಿಟ್ಟವರು, ಅವುಗಳ ಅರ್ಥವನ್ನು ಬರೆದವರು ಎದುರಿಗೇ ಕುಳಿತಿದ್ದರು. ತೀರ್ಪನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗ್ರಂಥದ ಎರಡನೆಯ ಆವೃತ್ತಿಯನ್ನು ಮುಗಿಸಿಕೊಟ್ಟು, ಅವರು ಪತ್ನಿಯೊಡನೆ ಹುಟ್ಟುನಾಡಿಗೆ ಹೊರಟರು. ದಾರಿಯಲ್ಲಿ ಗಾಡಿ ಉರುಳಿಬಿದ್ದಿತೆಂದೂ, ಮತ್ತೆ ಹತ್ತಿ ಕುಳಿತವರು ಜಪಸರವನ್ನು ನಿಂತ ಮಣಿಯಿಂದಲೇ ಮುಂದುವರಿಸಿದರೆಂದೂ ಅವರ ಚರಿತ್ರಕಾರರು ಹೇಳುತ್ತಾರೆ. 1826ರ ಆಗಸ್ಟ್ 13ರಂದು ಕೆರ್ಲುವಾರ್ನೆಕ್‌ನಲ್ಲಿ ಕೊನೆಗಳಿಗೆ ಬಂದಿತು. ತಾವು ಹೋದ ಮೇಲೆ ಮತ್ತೊಬ್ಬರು ಆ ನೋವಿನ ಕೆಲಸವನ್ನು ಮಾಡಬೇಕಾದೀತೆಂದು, ಬೆರಳುಗಳ ಉಂಗುರಗಳನ್ನು ತಾವೇ ಕಳಚಿಟ್ಟರು. ಕೆಲ ಗಂಟೆಗಳಲ್ಲಿ ಅವರ ಉಸಿರು ನಿಂತಿತು. ಆಗ ಅವರಿಗೆ 45 ವರ್ಷ. ಪ್ಲೋವಾರೆಯ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಸ್ಟೆತೊಸ್ಕೋಪನ್ನು ಅವರು ಮೆರಿಯಾದೆಕ್‌ನಿಗೆ ಬಿಟ್ಟುಹೋಗಿದ್ದರು.

ಅವರ ಸಾಧನ ರೋಗವನ್ನು ಗುರುತಿಸಿತು, ಗುಣಪಡಿಸಲಿಲ್ಲ. ಕ್ಷಯಕ್ಕೆ ನಿಜವಾದ ಮದ್ದು ದೊರೆಯಲು 1940ರ ದಶಕದವರೆಗೆ ಕಾಯಬೇಕಾಯಿತು. ಇಂದು ಕ್ಷ-ಕಿರಣವಿದೆ, ಕಫದ ಪರೀಕ್ಷೆಯಿದೆ; ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಉಚಿತವಾಗಿ ದೊರೆಯುತ್ತದೆ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತದವರು. ಎರಡು ವಾರ ದಾಟಿದ ಕೆಮ್ಮನ್ನು ಲೆಕ್ಕಿಸದೆ, ಅಥವಾ ನೆರೆಹೊರೆಯವರ ಮಾತಿಗೆ ಅಂಜಿ ಮುಚ್ಚಿಟ್ಟು ಕೂರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇಲ್ಲದಿಲ್ಲ. ತಮ್ಮ ಎದೆಯ ಸತ್ಯವನ್ನು ಕೇಳಲು ಲೆನೆಕ್ ಹೆದರಲಿಲ್ಲ, ಮದ್ದೇ ಇಲ್ಲದ ಆ ಕಾಲದಲ್ಲಿಯೂ. ಮದ್ದಿರುವ ಈ ಕಾಲದಲ್ಲಿ ನಾವು ಹೆದರಿ ತಡಮಾಡುವುದು ತರವಲ್ಲ. ಕೆಮ್ಮುವ ಅಜ್ಜನನ್ನೋ ಸೊರಗುತ್ತಿರುವ ಮಗಳನ್ನೋ ಈ ವಾರವೇ ವೈದ್ಯರ ಬಳಿಗೆ ಕರೆದೊಯ್ಯೋಣ. ಸಂಜೆಯ ಜಪಸರದಲ್ಲಿ ರೋಗಿಗಳನ್ನೂ ಅವರ ಎದೆಗೆ ಕಿವಿಗೊಡುವವರನ್ನೂ ನೆನೆಯೋಣ.