ಕೈಬಿಟ್ಟ ಸಂಗೀತದ ಮರುಹುಟ್ಟು: ಅಲೆಕ್ಸ್ ನಾರ್ತರ ಜೀವನ

‘ಅನ್‌ಚೈನ್ಡ್ ಮೆಲೊಡಿ’ ಎಂಬ ಆಂಗ್ಲ ಪ್ರೇಮಗೀತೆಯ ರಾಗವು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರುತ್ತದೆ. 1955ರಲ್ಲಿ ಸೆರೆಮನೆಯ ಬಾಳನ್ನು ಕುರಿತ ಒಂದು ಸಾಧಾರಣ ಚಲನಚಿತ್ರಕ್ಕಾಗಿ ಹುಟ್ಟಿದ ಈ ಗೀತೆ, ಆ ಚಿತ್ರ ಮರೆತುಹೋದ ಮೇಲೂ ಉಳಿಯಿತು. 1990ರ ‘ಘೋಸ್ಟ್’ ಚಿತ್ರದ ಮೂಲಕ ಹೊಸ ತಲೆಮಾರಿಗೂ ಪರಿಚಿತವಾಯಿತು. ಆದರೆ ಅದರ ಸ್ವರ ಸಂಯೋಜಕರಾದ ಅಲೆಕ್ಸ್ ನಾರ್ತರ ಹೆಸರನ್ನು ಬಲ್ಲವರು ವಿರಳ. ಅವರು ಬರೆದು, ವಾದ್ಯವೃಂದದಿಂದ ನುಡಿಸಿ, ಧ್ವನಿಮುದ್ರಣವನ್ನೂ ಮುಗಿಸಿದ ಸಂಗೀತವು ಎರಡು ಮಹಾಚಿತ್ರಗಳಿಂದ ಹೊರತಳ್ಳಲ್ಪಟ್ಟಿತು. ಮೊದಲನೆಯ ಪ್ರಸಂಗಕ್ಕೆ ನಮ್ಮ ಧರ್ಮಸಭೆಯವರೇ ಕಾರಣರಾದರು; ಎರಡನೆಯದರಲ್ಲಿ ತಿರಸ್ಕೃತವಾದ ಸ್ವರಗಳಲ್ಲಿ ಕೆಲವು ಪೋಪರನ್ನು ಕುರಿತ ಚಿತ್ರವೊಂದರಲ್ಲಿ ಆಶ್ರಯ ಪಡೆದವು. ಆದುದರಿಂದ ಯೆಹೂದಿ ಮನೆತನದ ಈ ಸಂಗೀತಗಾರರನ್ನು ನಮ್ಮ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ನಾರ್ತರು 1910ರ ಡಿಸೆಂಬರ್ 4ರಂದು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದ ಚೆಸ್ಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ರಷ್ಯಾದಿಂದ ವಲಸೆ ಬಂದವರು. ಕಮ್ಮಾರಿಕೆಯಿಂದ ಸಂಸಾರ ಸಾಗಿಸುತ್ತಿದ್ದ ತಂದೆ, ಮಗ ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡರು. ಬಡತನದಲ್ಲಿಯೂ ಸಂಗೀತದ ಒಲವು ಬತ್ತಲಿಲ್ಲ. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದುತ್ತಿದ್ದಾಗ ಅವರು ಹೊಟ್ಟೆಪಾಡಿಗಾಗಿ ತಂತಿ ಕಚೇರಿಯಲ್ಲಿ ದುಡಿಯುತ್ತಿದ್ದರು. ಆ ತಂತಿವಿದ್ಯೆಯೇ ಅವರನ್ನು 1930ರ ದಶಕದಲ್ಲಿ ಮಾಸ್ಕೋ ನಗರಕ್ಕೆ ಕರೆದೊಯ್ದು, ಅಲ್ಲಿನ ಸಂಗೀತ ವಿದ್ಯಾಲಯದ ಬಾಗಿಲನ್ನು ತೆರೆಯಿತು. ಆದರೆ ಡ್ಯೂಕ್ ಎಲಿಂಗ್ಟನ್ನರ ಜಾಝ್ ತಟ್ಟೆಯೊಂದನ್ನು ಅಲ್ಲಿ ಕೇಳಿದಾಗ ತಾಯ್ನಾಡಿನ ಹಂಬಲ ತಡೆಯಲಾರದಾಯಿತಂತೆ. ಹಿಂದಿರುಗಿದ ಮೇಲೆ ಆರನ್ ಕೋಪ್ಲೆಂಡರ ಶಿಷ್ಯತ್ವ, ನೃತ್ಯ ಮಂಡಲಿಗಳಿಗೆ ಸಂಗೀತ, ಮೆಕ್ಸಿಕೋದಲ್ಲಿ ಸಿಲ್ವೆಸ್ತ್ರೆ ರೆವುಯೆಲ್ತಾಸರ ಬಳಿ ಅಭ್ಯಾಸ, ಮಹಾಯುದ್ಧದಲ್ಲಿ ಸೈನ್ಯದ ಸೇವೆ, ಹೀಗೆ ವರ್ಷಗಳು ಉರುಳಿದವು.

1951ರಲ್ಲಿ ಎಲಿಯಾ ಕಜಾನರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರದ ಸಂಗೀತವು ಅವರ ಪಾಲಿಗೆ ಬಂದಿತು. ಅದುವರೆಗೆ ಹಾಲಿವುಡ್ಡಿನ ಗಂಭೀರ ಕಥಾಚಿತ್ರಗಳಲ್ಲಿ ಯೂರೋಪಿನ ಸಿಂಫನಿ ಶೈಲಿಯೇ ಮೆರೆಯುತ್ತಿತ್ತು. ನಾರ್ತರು ನ್ಯೂ ಆರ್ಲಿಯನ್ಸ್ ನಗರದ ಜಾಝ್ ಶೈಲಿಯನ್ನು ಪಾತ್ರಗಳ ಅಂತರಂಗದ ಭಾಷೆಯನ್ನಾಗಿ ಮಾಡಿದರು. ಆ ಕಾಲದಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಆಶ್ರಯದಲ್ಲಿದ್ದ ‘ಲೀಜನ್ ಆಫ್ ಡೀಸೆನ್ಸಿ’ ಎಂಬ ಸಂಸ್ಥೆಯು ಚಲನಚಿತ್ರಗಳನ್ನು ಪರಿಶೀಲಿಸಿ, ಕಥೋಲಿಕರು ನೋಡತಕ್ಕವು ಯಾವುವು, ನೋಡಬಾರದವು ಯಾವುವು ಎಂದು ವರ್ಗೀಕರಿಸುತ್ತಿತ್ತು. ಅದರ ಖಂಡನೆಗೆ ಅಂಜಿದ ನಿರ್ಮಾಪಕರು ಚಿತ್ರದಿಂದ ಸುಮಾರು ನಾಲ್ಕು ನಿಮಿಷಗಳಷ್ಟನ್ನು ಕತ್ತರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕಲಹದ ನಂತರ ಹೆಂಡತಿ ಮೆಟ್ಟಿಲಿಳಿದು ಗಂಡನ ಬಳಿಗೆ ಬರುವ ದೃಶ್ಯದಲ್ಲಿ ನಾರ್ತರ ಜಾಝ್ ಸಂಗೀತವು ಕಾಮಪ್ರಚೋದಕವೆಂದು ಆಕ್ಷೇಪಿಸಲ್ಪಟ್ಟು, ಅದರ ಬದಲಿಗೆ ಸೌಮ್ಯವಾದ ಸಂಗೀತವನ್ನು ಸೇರಿಸಬೇಕಾಯಿತು. ಯುವಜನರ ಶೀಲದ ಬಗೆಗೆ ಆ ಹಿರಿಯರಿಗಿದ್ದ ಕಳಕಳಿಯನ್ನು ನಾವು ಸಂಶಯಿಸುವುದಿಲ್ಲ. ಆದರೂ ಮಾತಿಲ್ಲದ ವಾದ್ಯದ ನಾದದಲ್ಲಿ ಪಾಪವನ್ನು ಕಂಡುಹಿಡಿದದ್ದು ಅತಿಯಾಯಿತೆಂದೇ ನಮ್ಮ ಅಭಿಪ್ರಾಯ. ಕತ್ತರಿಸಿದ ತುಣುಕುಗಳು ಕಾಲಾಂತರದಲ್ಲಿ ದೊರೆತು, 1993ರಲ್ಲಿ ಮೂಲ ಸಂಗೀತದೊಂದಿಗೆ ಚಿತ್ರವು ಪುನಃ ಬಿಡುಗಡೆಯಾಯಿತು.

1960ರ ‘ಸ್ಪಾರ್ಟಕಸ್’, 1963ರ ‘ಕ್ಲಿಯೋಪಾತ್ರ’, ಪೋಪ್ ಎರಡನೆಯ ಜೂಲಿಯಸ್ ಹಾಗೂ ಮೈಕೆಲೆಂಜೆಲೊ ಇವರ ಜಟಾಪಟಿಯನ್ನು ಚಿತ್ರಿಸುವ 1965ರ ‘ದಿ ಅಗೊನಿ ಅಂಡ್ ದಿ ಎಕ್ಸ್‌ಟಸಿ’, ಇವುಗಳಿಂದ ಅವರ ಕೀರ್ತಿ ಬೆಳೆಯಿತು. ಈ ಕೊನೆಯ ಚಿತ್ರದ ಆರಂಭದಲ್ಲಿ ಮೈಕೆಲೆಂಜೆಲೊನ ಶಿಲ್ಪಗಳನ್ನು ತೋರಿಸುವ ಪೀಠಿಕಾಭಾಗಕ್ಕೆ ಸಂಗೀತ ನೀಡಿದವರು ಜೆರಿ ಗೋಲ್ಡ್‌ಸ್ಮಿತ್ ಎಂಬ ಕಿರಿಯರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

‘ಸ್ಪಾರ್ಟಕಸ್’ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1967ರ ಅಂತ್ಯದಲ್ಲಿ ನಾರ್ತರನ್ನು ಲಂಡನ್ನಿಗೆ ಕರೆಸಿಕೊಂಡರು. ಅವರ ಅಂತರಿಕ್ಷ ಚಿತ್ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿದ್ಧವಾಗುತ್ತಿತ್ತು. ಸಂಕಲನದ ಕಾಲದಲ್ಲಿ ನಿರ್ದೇಶಕರು ಹಳೆಯ ತಟ್ಟೆಗಳ ಸಂಗೀತವನ್ನು ತಾತ್ಕಾಲಿಕವಾಗಿ ದೃಶ್ಯಗಳಿಗೆ ಹೊಂದಿಸಿಕೊಳ್ಳುವುದುಂಟು. ಕುಬ್ರಿಕ್ ಹೀಗೆ ಹೊಂದಿಸಿಕೊಂಡಿದ್ದ ರಿಚರ್ಡ್ ಸ್ಟ್ರಾಸ್, ಯೋಹಾನ್ ಸ್ಟ್ರಾಸ್ ಮೊದಲಾದವರ ಕೃತಿಗಳಿಗೆ ಮನಸೋತುಬಿಟ್ಟಿದ್ದರು. ತಮ್ಮ ಸಂಗೀತವು ಅವುಗಳನ್ನು ಮರೆಸೀತೆಂಬ ನಂಬಿಕೆಯಿಂದ ನಾರ್ತರು ಹಗಲಿರುಳು ದುಡಿದು, ಕೆಲವೇ ವಾರಗಳಲ್ಲಿ ನಲವತ್ತು ನಿಮಿಷಕ್ಕೂ ಮೀರಿದ ಸಂಗೀತವನ್ನು ರಚಿಸಿದರು. ಶ್ರಮದಿಂದ ದೇಹದ ಸ್ನಾಯುಗಳು ಸೆಟೆದುಕೊಂಡು, ಧ್ವನಿಮುದ್ರಣದ ಸ್ಥಳಕ್ಕೆ ಆಂಬ್ಯುಲೆನ್ಸಿನಲ್ಲಿ ಹೋಗಬೇಕಾಯಿತು. ವಾದ್ಯವೃಂದವನ್ನು ಮಿತ್ರ ಹೆನ್ರಿ ಬ್ರಾಂಟ್ ನಡೆಸಿಕೊಟ್ಟರು. ಬಳಿಕ ಇನ್ನು ಸಂಗೀತ ಬೇಡ, ಉಳಿದ ಭಾಗಕ್ಕೆ ಉಸಿರಾಟದ ಶಬ್ದವೇ ಸಾಕು ಎಂಬ ಸಂದೇಶ ಬಂದಿತು.

1968ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರವನ್ನು ನೋಡಲು ಕುಳಿತ ನಾರ್ತರಿಗೆ, ತಾವು ರಚಿಸಿದ ಒಂದು ಸ್ವರವೂ ಅದರಲ್ಲಿಲ್ಲವೆಂಬುದು ಅಲ್ಲಿಯೇ ತಿಳಿಯಿತು. ಮುಂಚಿತವಾಗಿ ಯಾರೂ ಅವರಿಗೆ ಹೇಳಿರಲಿಲ್ಲ. ಸ್ಟ್ರಾಸರ ಸಂಗೀತದೊಂದಿಗೆ ಆ ಚಿತ್ರವು ಲೋಕವಿಖ್ಯಾತವಾಯಿತು. ಕಲೆಯ ದೃಷ್ಟಿಯಿಂದ ಕುಬ್ರಿಕ್ ತಪ್ಪಿದರೆಂದು ಹೇಳಲು ನಾವು ಸಿದ್ಧರಿಲ್ಲ. ಆದರೆ ದುಡಿದವನಿಗೆ ಒಂದು ಮಾತು ತಿಳಿಸದಿರುವುದು ಬೇರೆಯೇ ಸಂಗತಿ.

ನಾರ್ತರು ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ಅದೇ ವರ್ಷ ‘ದಿ ಶೂಸ್ ಆಫ್ ದಿ ಫಿಶರ್‌ಮನ್’ ಚಿತ್ರಕ್ಕೆ ಸಂಗೀತ ರಚಿಸುವಾಗ, ಕೈಬಿಟ್ಟ ಕೃತಿಯ ಕೆಲವು ಅಂಶಗಳನ್ನು ಹೊಸದಾಗಿ ಹೆಣೆದರು. ಮೋರಿಸ್ ವೆಸ್ಟರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಸೈಬೀರಿಯದ ಸೆರೆಯಿಂದ ಬಿಡುಗಡೆಯಾದ ಉಕ್ರೇನಿನ ಮಹಾಧರ್ಮಾಧ್ಯಕ್ಷರು ಸಂತ ಪೇತ್ರರ ಪೀಠಕ್ಕೆ ಆಯ್ಕೆಯಾಗುತ್ತಾರೆ. ಕಥೆಯಾಗಿದ್ದ ಈ ಸಂಗತಿಯು ಹತ್ತು ವರ್ಷಗಳ ನಂತರ, 1978ರಲ್ಲಿ, ಪೋಲೆಂಡಿನ ಕಾರ್ಡಿನಲ್ ವೊಯ್ತಿಲಾ ಅವರು ಎರಡನೆಯ ಜಾನ್ ಪೌಲರಾದಾಗ ಬಹುಮಟ್ಟಿಗೆ ನಿಜವಾದುದನ್ನು ಹಿರಿಯ ವಾಚಕರು ಬಲ್ಲರು. ಅಂತರಿಕ್ಷಕ್ಕೆ ಬೇಡವಾದ ಸ್ವರಗಳು ಹೀಗೆ ವ್ಯಾಟಿಕನ್ನಿನ ಕಥೆಗೆ ಒದಗಿದವು. ಆ ಚಿತ್ರದ ಸಂಗೀತಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ದೊರೆಯಿತು.

ಆಸ್ಕರ್ ಪ್ರಶಸ್ತಿಗೆ ಅವರ ಹೆಸರು 15 ಬಾರಿ ಸೂಚಿತವಾದರೂ ಸ್ಪರ್ಧೆಯಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. 1986ರಲ್ಲಿ ಜೀವಮಾನದ ಸಾಧನೆಗಾಗಿ ಗೌರವ ಆಸ್ಕರ್ ಪಡೆದರು. ಚಿತ್ರಸಂಗೀತ ಸಂಯೋಜಕರಲ್ಲಿ ಈ ಗೌರವಕ್ಕೆ ಪಾತ್ರರಾದವರಲ್ಲಿ ಅವರೇ ಮೊದಲಿಗರು. 1991ರ ಸೆಪ್ಟೆಂಬರ್ 8ರಂದು, ನಾವು ಕನ್ಯಾಮರಿಯಮ್ಮನವರ ಜನನೋತ್ಸವವನ್ನಾಚರಿಸುವ ದಿನ, ಅವರು ಲಾಸ್ ಏಂಜಲೀಸಿನಲ್ಲಿ ನಿಧನರಾದರು.

ಎರಡು ವರ್ಷಗಳ ನಂತರ, ಅಂದು ಪೀಠಿಕಾಭಾಗಕ್ಕೆ ಸ್ವರ ನೀಡಿದ್ದ ಗೋಲ್ಡ್‌ಸ್ಮಿತ್ ಆ ಕೈಬಿಟ್ಟ ಸಂಗೀತವನ್ನು ಲಂಡನ್ನಿನ ನ್ಯಾಷನಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದಿಂದ ಹೊಸದಾಗಿ ನುಡಿಸಿ ಪ್ರಕಟಿಸಿದರು. ಮಿತ್ರನಿಗೆ ಸಲ್ಲಿಸಿದ ಈ ಋಣದಿಂದ ಇಪ್ಪತ್ತೈದು ವರ್ಷಗಳ ಮೌನ ಮುರಿಯಿತು. ಇನ್ನು 1968ರ ಮೂಲ ಧ್ವನಿಮುದ್ರಣವು 2007ರಲ್ಲಿ ಅಡಕಮುದ್ರಿಕೆಯಾಗಿ ಹೊರಬಂದಿತು. ಅದು ಇಂದಿನ ಸ್ಟೀರಿಯೊ ನಾದವಲ್ಲ, ಮೋನೊ ಟೇಪು. ಆದರೂ ಆಂಬ್ಯುಲೆನ್ಸಿನಲ್ಲಿ ಬಂದ ನಾರ್ತರ ಸನ್ನಿಧಿಯಲ್ಲಿ ಬ್ರಾಂಟ್ ನಡೆಸಿದ ವಾದನವೇ ಅದರಲ್ಲಿದೆ. ‘ಫಿಶರ್‌ಮನ್’ ಚಿತ್ರವನ್ನು ಬಲ್ಲವರು ಅದನ್ನು ಕೇಳಿದರೆ, ಎಲ್ಲಿಯೋ ಕೇಳಿದ ಸ್ವರಗಳು ಅಲ್ಲಲ್ಲಿ ಇಣುಕುವುದನ್ನು ಗುರುತಿಸಬಲ್ಲರು.