ರಾಜಾ ದೀನ್ ದಯಾಳ್: ಗಾಜಿನ ಫಲಕದ ಮೇಲಿನ ದರ್ಬಾರು

ಮೀರತ್ ಸಮೀಪದ ಸರ್ಧಾನಾದ ಜೈನ ಮನೆತನವೊಂದರಲ್ಲಿ 1844ರಲ್ಲಿ ಜನಿಸಿದ ದೀನ್ ದಯಾಳರು ರೂರ್ಕಿಯ ಥಾಮ್ಸನ್ ಕಾಲೇಜಿನಲ್ಲಿ ಕಲಿತದ್ದು ಎಂಜಿನಿಯರಿಂಗ್. ಇಂದೋರಿನ ಲೋಕೋಪಯೋಗಿ ಇಲಾಖೆಗೆ ಸೇರಿದ್ದು ನಕ್ಷೆ ಬರೆಯುವ, ಅಂದಾಜುಪಟ್ಟಿ ಸಿದ್ಧಪಡಿಸುವ ಕೆಲಸಕ್ಕೆ. 1870ರ ದಶಕದ ನಡುವೆ ಹವ್ಯಾಸವಾಗಿ ಹಿಡಿದ ಕ್ಯಾಮೆರಾ, ತುಕೋಜಿರಾವ್ ಹೋಳ್ಕರರ ಪ್ರೋತ್ಸಾಹದಿಂದ ವೃತ್ತಿಯಾಯಿತು. ಮಧ್ಯಭಾರತದ ಸ್ಮಾರಕಗಳನ್ನು ಚಿತ್ರಿಸುವಾಗ ಕಂಬ, ಕಮಾನುಗಳ ಸಮತೋಲವನ್ನು ಗುರುತಿಸಿದ ಆ ಕಣ್ಣೇ ಮುಂದೆ ಮನುಷ್ಯರನ್ನು ನಿಲ್ಲಿಸುವಾಗಲೂ ಕೆಲಸ ಮಾಡಿತೆನ್ನಬೇಕು.

ಅವರ ಕೀರ್ತಿ ನೆಲೆಗೊಂಡದ್ದು ಹೈದರಾಬಾದಿನಲ್ಲಿ. ಕಲಬುರಗಿ, ರಾಯಚೂರು, ಬೀದರ್‌ಗಳನ್ನೂ ಆಳುತ್ತಿದ್ದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿ, 'ಮುಸವ್ವಿರ್ ಜಂಗ್' ಎಂಬ ಬಿರುದನ್ನಿತ್ತರು. ಚಿತ್ರಕಾರನಿಗೆ ಯೋಧನ ಬಿರುದು!

ಈ ಭಾವಚಿತ್ರಗಳಲ್ಲಿ ಯಾವುದೂ ಆಕಸ್ಮಿಕವಲ್ಲ. ಹಿಂದೆ ಬಣ್ಣ ಬಳಿದ ಪರದೆ, ಕೆಳಗೆ ರತ್ನಗಂಬಳಿ, ಕೆತ್ತನೆಯ ಕುರ್ಚಿ. ಕೂತವರ ಕೈ ಖಡ್ಗದ ಹಿಡಿಯ ಮೇಲೆ. ಒಣ ಗಾಜಿನ ಫಲಕಗಳು ಬಂದು ಬೆಳಕಿಗೊಡ್ಡುವ ಕಾಲ ಕಡಿಮೆಯಾಗಿದ್ದರೂ ಅಲುಗಾಡುವಂತಿರಲಿಲ್ಲ. ಆ ನಿಶ್ಚಲತೆಯೇ ಗಾಂಭೀರ್ಯವೆನಿಸಿತು. ಮೊಗಲರ ಕಿರುಚಿತ್ರಗಳಲ್ಲಿ ಬಹುಮಟ್ಟಿಗೆ ಪಾರ್ಶ್ವಮುಖವಾಗಿಯೇ ಕಾಣುತ್ತಿದ್ದ ಅರಸುತನ ಇಲ್ಲಿ ನೋಡುಗನತ್ತ ತಿರುಗಿತು. ಖಡ್ಗದ ಅರ್ಥವೂ ಬದಲಾಗಿತ್ತು. 1798ರ ಸಹಾಯಕ ಸೈನ್ಯ ಒಪ್ಪಂದದ ಬಳಿಕ ಯುದ್ಧ ಹೂಡುವ ಸ್ವಾತಂತ್ರ್ಯ ನಿಜಾಮರಿಗೆ ಉಳಿದಿರಲಿಲ್ಲ. ಕಳೆದುಹೋದ ಅಧಿಕಾರಕ್ಕೆ ಆಯುಧ ಕೇವಲ ಒಡವೆಯಾಯಿತು. ಸತ್ತ ಹುಲಿಗಳ ಹಿಂದೆ ಬಂದೂಕು ಹಿಡಿದು ನಿಂತ ಬೇಟೆಯ ಚಿತ್ರಗಳು ಆ ಕೊರತೆಯನ್ನು ತುಂಬಲು ಹವಣಿಸಿದವು. ದಯಾಳರು ಇದನ್ನು ಅರಿತಿರಲಿಲ್ಲವೆಂದು ನಂಬುವುದು ಕಷ್ಟ. ವೈಸರಾಯರನ್ನೂ ಅದೇ ಬಗೆಯ ಘನತೆಯಿಂದ ಕೂರಿಸಿದವರು ಅವರು. ಆಳುವವನಿಗೂ ಆಳಿಸಿಕೊಂಡವನಿಗೂ ಅವರ ಕ್ಯಾಮೆರಾದ ಮುಂದೆ ಆಸನ ಒಂದೇ ಎತ್ತರದ್ದು.

ಪರದೆಯ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಅವರು ತೆರೆದ ಜನಾನಾ ಸ್ಟುಡಿಯೋ ಇನ್ನೂ ಸೂಕ್ಷ್ಮವಾದುದು. ಎತ್ತರದ ಗೋಡೆಗಳ ಒಳಗೆ ಆಂಗ್ಲ ಮಹಿಳೆಯೊಬ್ಬರು ಅದನ್ನು ನಡೆಸುತ್ತಿದ್ದರು. ಗಂಡಸರ ಚಿತ್ರ ದರ್ಬಾರಿಗೆ, ಆಲ್ಬಮ್ಮಿಗೆ, ಕಾಣಿಕೆಗೆ. ಇಲ್ಲಿಯದು ಮನೆಯವರ ಕಣ್ಣಿಗೆ ಮಾತ್ರ. ತಾವು ಹೇಗೆ ಕಾಣಬೇಕೆಂದು ಆ ಸ್ತ್ರೀಯರು ಮೊದಲ ಬಾರಿಗೆ ಯೋಚಿಸಿದ ಎಡೆಯೂ ಅದೇ ಆಗಿದ್ದೀತು.

ಮುಂಬಯಿಯಲ್ಲಿಯೂ ಸ್ಟುಡಿಯೋ ತೆರೆದ ದಯಾಳರು 1905ರಲ್ಲಿ ತೀರಿಕೊಂಡರು. ಅವರ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡಿತು. ಅವುಗಳಲ್ಲಿ ಅರಸರ ಮುಖ ಕಪ್ಪು, ಖಡ್ಗದ ನೆರಳು ಬಿಳಿ.